ಮಳೆ ಪುಸ್ತಕದ ಪಕ್ಕದಲ್ಲೊಂದು ಬಿ.ಪಿ. ಪುಸ್ತಕ

ಮಳೆ ಮಾಪಕವಿಲ್ಲದ ಕಾಫಿ ತೋಟ ನಮ್ಮ ಕಡೆ ಅಪರೂಪ. ಬೆಳಿಗ್ಗೆ ಎದ್ದವರು ಮೊದಲು ನೋಡುವುದೇ ಎಷ್ಟು ಇಂಚು, ಎಷ್ಟು ಸೆಂಟು ಬಿತ್ತೆಂದು. ಒಂದು ದಿನ ಮೂರು ಇಂಚು ಸುರಿಯಿತೆಂದು ಆ ವರ್ಷವೇ ಅತಿವೃಷ್ಟಿ ಎಂದು ಯಾರೂ ಬರೆದಿಡುವುದಿಲ್ಲ. ಆದರೆ ಮನೆಯ ಹಿರಿಯರ ರಕ್ತದೊತ್ತಡದ ವಿಷಯದಲ್ಲಿ ನಾವು ಮಾಡುತ್ತಿರುವುದು ಹೆಚ್ಚುಕಡಿಮೆ ಅದನ್ನೇ. ಮೂರು ತಿಂಗಳಿಗೊಮ್ಮೆ ಪೇಟೆಗೆ ಹೋಗಿ, ಒಂದು ಸಲ ಪಟ್ಟಿ ಕಟ್ಟಿಸಿಕೊಂಡು, ಬಂದ ಅಂಕಿಯನ್ನೇ ಮುಂದಿನ ಮೂರು ತಿಂಗಳೂ ನಂಬಿಕೊಂಡಿರುತ್ತೇವೆ.

ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇವೆ. ತಂದೆಯವರಿಗೆ ಆಗ 74. ಘಾಟಿ ರಸ್ತೆಯಲ್ಲಿ ಒಂದು ಗಂಟೆ ಬಸ್ಸು, ಇಳಿದೊಡನೆ ಹೋಟೆಲಿನಲ್ಲಿ ಗಟ್ಟಿ ಕಾಫಿ, ಮೇಲೆ ಹೊಗೆಸೊಪ್ಪು ಹಾಕಿದ ಎಲೆಅಡಿಕೆ. ದವಾಖಾನೆಯ ಮೆಟ್ಟಿಲು ಹತ್ತಿ ಕುಳಿತೊಡನೆ ಅಳೆದರು: 168/84. ಮಾತ್ರೆ ಹೆಚ್ಚಾಯಿತು. ಹತ್ತು ದಿನ ಕಳೆಯುವುದರೊಳಗೆ, ಮುಂಜಾನೆ ಹಾಸಿಗೆಯಿಂದ ಎದ್ದವರು ಕಣ್ಣು ಕತ್ತಲೆ ಬಂದು ಬಚ್ಚಲ ಬಾಗಿಲಲ್ಲಿ ಬಿದ್ದರು. ಪುಣ್ಯಕ್ಕೆ ಸೊಂಟದ ಮೂಳೆ ಉಳಿಯಿತು. ಡಾಕ್ಟರರ ತಪ್ಪೆಂದು ನಾವು ಹೇಳುತ್ತಿಲ್ಲ. ಕಂಡ ಅಂಕಿಗೆ ಅವರು ಮದ್ದು ಕೊಟ್ಟರು. ಅಂಕಿಯನ್ನು ಕೆಡಿಸಿಕೊಂಡು ಹೋದವರು ನಾವೇ. ಆಮೇಲೆ ಅವರೇ ಒಂದು ವಾರ ಮನೆಯಲ್ಲಿ ಅಳೆದು ತರಲು ಹೇಳಿದರು. ನೋಡಿದರೆ ಕುಳಿತಾಗ 126/70, ಎದ್ದು ನಿಂತಾಗ ಮೇಲಿನ ಅಂಕಿ 100ಕ್ಕೆ ಇಳಿಯುತ್ತಿತ್ತು. ಮಾತ್ರೆ ಕಡಿಮೆಯಾಯಿತು, ತಲೆಸುತ್ತೂ ನಿಂತಿತು.

ಡಾಕ್ಟರರ ಮುಂದೆ ಮಾತ್ರ ಏರುವ ಈ ಒತ್ತಡಕ್ಕೆ ವೈದ್ಯರು ‘ಬಿಳಿ ಕೋಟಿನ ರಕ್ತದೊತ್ತಡ’ ಎನ್ನುತ್ತಾರೆ. ವಯಸ್ಸಾದವರಲ್ಲಿ ಇದು ಸಾಮಾನ್ಯ. ಇದರ ತಿರುವುಮುರುವೂ ಉಂಟು: ದವಾಖಾನೆಯಲ್ಲಿ ಸರಿಯಾಗಿ ತೋರಿ, ಮನೆಯಲ್ಲಿ ಹೆಚ್ಚಿರುವುದು. ನಮ್ಮ ಮಟ್ಟಿಗೆ ಇದೇ ಹೆಚ್ಚು ಭಯದ್ದು. ಎಲ್ಲ ಚೆನ್ನಾಗಿದೆ ಎಂದುಕೊಂಡು ಕುಳಿತಿರುವಾಗಲೇ ಹೃದಯ, ಮೂತ್ರಪಿಂಡ, ಮಿದುಳಿಗೆ ಪೆಟ್ಟು ಬೀಳುತ್ತಿರುತ್ತದೆ.

1905ರಲ್ಲಿ ರಷ್ಯದ ವೈದ್ಯ ಕೊರೊಟ್ಕಾಫ್ ತೋರಿಸಿಕೊಟ್ಟ ಕ್ರಮದಲ್ಲಿ ಸ್ಟೆಥಾಸ್ಕೋಪ್ ಇಟ್ಟು ರಕ್ತದ ಸದ್ದನ್ನು ಕೇಳಬೇಕು. ಅದಕ್ಕೆ ಪಳಗಿದ ಕಿವಿ ಬೇಕು. ಈಗಿನ ವಿದ್ಯುನ್ಮಾನ ಯಂತ್ರ ಪಟ್ಟಿಯೊಳಗಿನ ಮಿಡಿತವನ್ನು ತಾನೇ ಗ್ರಹಿಸುತ್ತದೆ. ಮನೆಯವರೇ ಅಳೆಯಬಹುದು. ತೋಳಿಗೆ ಕಟ್ಟುವ, ಪರೀಕ್ಷೆಯಲ್ಲಿ ಸರಿಯೆಂದು ತೇರ್ಗಡೆಯಾದ ಯಂತ್ರವನ್ನೇ ಕೊಳ್ಳಿ. ಮಣಿಕಟ್ಟಿನದು ಅಷ್ಟು ನಂಬಿಕೆಗೆ ಬಾರದು. ತೋಳಿನ ಸುತ್ತಳತೆಗೆ ತಕ್ಕ ಪಟ್ಟಿ ಇರಲಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಒತ್ತಡ ತೋರುತ್ತದೆ. ನಾಡಿ ಏರುಪೇರಾಗಿ ಬಡಿಯುವವರಲ್ಲಿ ಯಂತ್ರ ತಪ್ಪುವುದುಂಟು. ಅಂಥವರು ಡಾಕ್ಟರರನ್ನು ಕೇಳಿಯೇ ಬಳಸಬೇಕು.

ಅಳೆಯುವ ಮುಂಚಿನ ಅರ್ಧ ಗಂಟೆ ಕಾಫಿ, ಹೊಗೆಸೊಪ್ಪು, ಬೀಡಿ, ತೋಟದ ಓಡಾಟ ಬೇಡ. ಕಾಫಿ ಬೆಳೆಯುವವರಿಗೆ ಕಾಫಿ ಬೇಡವೆನ್ನಲು ನಮಗೂ ಮನಸ್ಸಿಲ್ಲ. ಅಳೆದ ಮೇಲೆ ಕುಡಿಯಿರಿ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಪಾದ ನೆಲಕ್ಕೂರಿ 5 ನಿಮಿಷ ಸುಮ್ಮನೆ ಕೂರಬೇಕು. ಕಾಲಮೇಲೆ ಕಾಲು ಹಾಕಬಾರದು. ತೋಳು ಮೇಜಿನ ಮೇಲೆ ಎದೆಯ ಮಟ್ಟಕ್ಕಿರಲಿ, ಪಟ್ಟಿ ಬರಿ ಮೈಗೆ ತಾಗಿರಲಿ. ಆ ಹೊತ್ತಿಗೆ ಅಡಿಕೆ ಧಾರಣೆಯ ಮಾತು ಬೇಡ, ಯಾವ ಮಾತೂ ಬೇಡ. ಬೆಳಿಗ್ಗೆ ತಿಂಡಿ, ಮಾತ್ರೆಗಳಿಗೆ ಮುಂಚೆ ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದೊಂದು ನಿಮಿಷ ಬಿಟ್ಟು 7 ದಿನ ಅಳೆಯಿರಿ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಅದು 135/85 ಅಥವಾ ಹೆಚ್ಚಿದ್ದರೆ ಡಾಕ್ಟರರನ್ನು ಕಾಣಬೇಕು. ದವಾಖಾನೆಯ ಲೆಕ್ಕ 140/90. ಮನೆಯದು ಅದಕ್ಕಿಂತ ಕಡಿಮೆ ಎಂಬುದು ನೆನಪಿರಲಿ. ಮೊದಲ ಸಲ ಎರಡೂ ತೋಳು ನೋಡಿ, ಹೆಚ್ಚು ತೋರುವ ತೋಳನ್ನೇ ಮುಂದೆಯೂ ಬಳಸಿ.

ಹಿರಿಯರಿಗೆ ಇನ್ನೊಂದು ಅಳತೆ ಬೇಕು. ಹಲವರು ಮರೆಯುವುದು ಇದನ್ನೇ. ಕುಳಿತು ಅಳೆದಾದ ಮೇಲೆ ಎದ್ದು ನಿಂತು 1 ನಿಮಿಷಕ್ಕೆ, ಮತ್ತೆ 3 ನಿಮಿಷಕ್ಕೆ ಅಳೆಯುವುದು. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಬೀಳುವ ಅಪಾಯವಿದೆಯೆಂದೇ ತಿಳಿದು ಡಾಕ್ಟರರಿಗೆ ತಿಳಿಸಿ. ತಾವಾಗಿಯೇ ಮಾತ್ರೆ ನಿಲ್ಲಿಸುವುದಾಗಲಿ ಹೆಚ್ಚಿಸುವುದಾಗಲಿ ಕೂಡದು.

180/120 ದಾಟಿದರೆ 5 ನಿಮಿಷ ಬಿಟ್ಟು ಮತ್ತೆ ನೋಡಿ. ಹಾಗೆಯೇ ಇದ್ದರೆ ಅಂದೇ ಡಾಕ್ಟರರಿಗೆ ತಿಳಿಸಬೇಕು. ಎದೆನೋವು, ಏದುಸಿರು, ಮಾತು ತೊದಲುವುದು, ಕೈಕಾಲು ಸೋಲುವುದು ಕಂಡರಂತೂ ಇನ್ನೊಮ್ಮೆ ಅಳೆಯುತ್ತಾ ಕೂರದೆ ಜೀಪು ತೆಗೆಯಿರಿ.

ಬಂದ ಅಂಕಿಯನ್ನು ಬಂದ ಹಾಗೆಯೇ ಬರೆಯಿರಿ. 147 ಬಂದದ್ದನ್ನು 140 ಎಂದು ಬರೆಯುವ ಚಪಲ ಎಲ್ಲರಿಗೂ ಇದೆ, ತಂದೆಯವರಿಗೂ ಇತ್ತು. ‘ಮಳೆ ಲೆಕ್ಕದಲ್ಲಿ ಹಾಗೆ ಮಾಡುತ್ತೀರಾ?’ ಎಂದು ಕೇಳಿದ ಮೇಲೆ ಬಿಟ್ಟರು. ಈಗ ಅವರ ಪುಸ್ತಕದ ಎಡಪುಟದಲ್ಲಿ ಮಳೆ, ಬಲಪುಟದಲ್ಲಿ ಬಿ.ಪಿ.; ಪೇಟೆಗೆ ಹೋಗುವಾಗ ಪುಸ್ತಕವೂ ಚೀಲದಲ್ಲಿರುತ್ತದೆ, ವರ್ಷಕ್ಕೊಮ್ಮೆ ತಾಳೆ ನೋಡಿಸಲು ಯಂತ್ರವೂ.