ಒಮ್ಮೆ ದುಡ್ಡು ಕೊಟ್ಟರೆ ಜೀವನಪೂರ್ತಿ ವೆಬ್‌ಸೈಟ್? ಈ ಫಾರ್ವರ್ಡ್‌ನಲ್ಲಿ ಎಷ್ಟು ನಿಜ

“ನಿಮ್ಮ ಅಂಗಡಿಗೆ ಸ್ವಂತ ವೆಬ್‌ಸೈಟ್! ಒಮ್ಮೆ ಮಾತ್ರ 1,499 ರೂಪಾಯಿ ಕೊಡಿ, ಜೀವನಪೂರ್ತಿ ಮತ್ತೆ ಒಂದು ಪೈಸೆಯೂ ಬೇಡ. ಗೂಗಲ್‌ನಲ್ಲಿ ಮೊದಲ ಸ್ಥಾನ ಗ್ಯಾರಂಟಿ. ಬೀಗದ ಗುರುತು ಇರುವ 100% ಸುರಕ್ಷಿತ ಸೈಟ್. ಇವತ್ತೇ ಕೊನೆ ದಿನ. ಎಲ್ಲ ಗ್ರೂಪ್‌ಗಳಿಗೂ ಕಳಿಸಿ.”

ಸಾಗರದಲ್ಲಿರುವ ನನ್ನ ಚಿಕ್ಕಿಯ ಸ್ವಸಹಾಯ ಸಂಘದ ವಾಟ್ಸ್ಆ್ಯಪ್ ಗ್ರೂಪ್‌ಗೆ ಕಳೆದ ತಿಂಗಳು ಬಂದ ಸಂದೇಶ ಇದು. (ನಮ್ಮ ಕಡೆ ಚಿಕ್ಕಮ್ಮನನ್ನು ಚಿಕ್ಕಿ ಎನ್ನುತ್ತೇವೆ.) ಅವಳು ಅದನ್ನು ನನಗೆ ಕಳಿಸಿ, ಕೆಳಗೆ ಒಂದೇ ಸಾಲು ಬರೆದಿದ್ದಳು: “ಕೂಸೆ, ಇದ್ನ ನಂಬಲಕ್ಕಾ?”

ಚಿಕ್ಕಿ ಹಾಗೆ ಕೇಳುವುದಕ್ಕೆ ಕಾರಣವಿದೆ. ಅವಳು ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರುತ್ತಾಳೆ. ನಾಲ್ಕು ವರ್ಷದ ಹಿಂದೆ ಇಂಥದ್ದೇ ಮಾತು ನಂಬಿ ಒಬ್ಬರ ಹತ್ತಿರ ವೆಬ್‌ಸೈಟ್ ಮಾಡಿಸಿದ್ದಳು. ಬಾಟಲಿಯ ಲೇಬಲ್ ಮೇಲೆಲ್ಲ ಅದರ ವಿಳಾಸ ಅಚ್ಚು ಹಾಕಿಸಿದ್ದಳು. ಎರಡು ವರ್ಷ ಎಲ್ಲ ಸರಿಯಾಗಿತ್ತು. ಒಂದು ದಿನ ಬೆಂಗಳೂರಿನ ಹಳೆಯ ಗಿರಾಕಿಯೊಬ್ಬರು ಫೋನ್ ಮಾಡಿ, “ಅಕ್ಕಾ, ನಿಮ್ಮ ಸೈಟ್ ತೆಗೆದರೆ ದುಡ್ಡು ಕಟ್ಟಿ ಆಡುವ ಇಸ್ಪೀಟು ಬರುತ್ತಿದೆಯಲ್ಲ!” ಎಂದರು. ಯಾರೂ ಸೈಟ್ ಹ್ಯಾಕ್ ಮಾಡಿರಲಿಲ್ಲ. ಅದರ ಹೆಸರಿನ ಅವಧಿ ಮುಗಿದಿತ್ತು, ಬೇರೆ ಯಾರೋ ಅದನ್ನು ತೆಗೆದುಕೊಂಡಿದ್ದರು, ಅಷ್ಟೇ.

ಹಾಗಾಗಿ ಈ ಫಾರ್ವರ್ಡ್ ಅನ್ನು ಸ್ವಲ್ಪ ಬಿಡಿಸಿ ನೋಡೋಣ.

ಹೆಸರು ಯಾರದ್ದು?

ವೆಬ್‌ಸೈಟ್ ಎಂದು ನಾವು ಒಂದೇ ಮಾತಿನಲ್ಲಿ ಹೇಳಿದರೂ ಅದರಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ. ಒಂದು, ಹೆಸರು. ಇದನ್ನು ಡೊಮೇನ್ ಎನ್ನುತ್ತಾರೆ. ಕೊನೆಗೆ ಡಾಟ್ ಕಾಮ್, ಡಾಟ್ ಇನ್ ಎಂದೆಲ್ಲ ಇರುತ್ತದಲ್ಲ, ಅದು. ಎರಡು, ನಿಮ್ಮ ಪುಟಗಳನ್ನು ಇಡುವ ಕಂಪ್ಯೂಟರ್‌ನಲ್ಲಿ ಜಾಗ, ಅಂದರೆ ಹೋಸ್ಟಿಂಗ್. ಮೂರು, ಆ ಪುಟಗಳೇ: ಫೋಟೋ, ಬರಹ, ದರಪಟ್ಟಿ. ಅಂಗಡಿಯ ಲೆಕ್ಕದಲ್ಲಿ ಹೇಳುವುದಾದರೆ ಬೋರ್ಡು, ಮಳಿಗೆ ಮತ್ತು ಒಳಗಿನ ಸಾಮಾನು.

ಇದರಲ್ಲಿ ಸಾಮಾನು ಮಾತ್ರ ನಿಮ್ಮದು. ಮಳಿಗೆ ಬಾಡಿಗೆಯದ್ದು ಎನ್ನುವುದು ಎಲ್ಲರಿಗೂ ಅರ್ಥವಾಗುತ್ತದೆ. ಬೋರ್ಡು ಕೂಡ ಬಾಡಿಗೆಯದ್ದೇ ಎನ್ನುವುದು ಬಹಳ ಜನರಿಗೆ ಗೊತ್ತಿರುವುದಿಲ್ಲ.

ಅಂತರಜಾಲದಲ್ಲಿ ಪ್ರತಿ ಕಂಪ್ಯೂಟರ್‌ಗೂ ಒಂದು ಸಂಖ್ಯೆಯ ವಿಳಾಸ ಇರುತ್ತದೆ. ಆ ಉದ್ದ ಸಂಖ್ಯೆ ಯಾರಿಗೆ ನೆನಪಿರುತ್ತದೆ? ನಾವು ಫೋನಿನಲ್ಲಿ ‘ಹಾಲಿನ ರಾಜಣ್ಣ’ ಎಂದು ಸೇವ್ ಮಾಡಿಕೊಂಡು ನಂಬರ್ ಮರೆಯುವ ಹಾಗೆ, ಇಲ್ಲಿಯೂ ಸಂಖ್ಯೆಗೊಂದು ಹೆಸರು. ವ್ಯತ್ಯಾಸ ಏನೆಂದರೆ, ಈ ಪಟ್ಟಿ ಇಡೀ ಜಗತ್ತಿಗೆ ಒಂದೇ. ಒಂದು ಹೆಸರು ಒಬ್ಬರಿಗೆ ಮಾತ್ರ. ಜಾಗತಿಕ ಮಟ್ಟದಲ್ಲಿ ಇದರ ಉಸ್ತುವಾರಿ 1998ರಲ್ಲಿ ಶುರುವಾದ ಐಕ್ಯಾನ್ ಎಂಬ ಸಂಸ್ಥೆಯದ್ದು. ನಮ್ಮ ಡಾಟ್ ಇನ್ ಹೆಸರುಗಳನ್ನು ನೋಡಿಕೊಳ್ಳುವುದು ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. ಡಾಟ್ ಭಾರತ ಎಂಬುದನ್ನು ಕನ್ನಡ ಲಿಪಿಯಲ್ಲೇ ಬರೆಯುವ ಹೆಸರುಗಳೂ ಇವೆ, ಅವೂ ನಿಕ್ಸಿಯ ಕೈಯಲ್ಲಿವೆ.

ಈ ಹೆಸರುಗಳನ್ನು ಯಾರೂ ಮಾರುವುದಿಲ್ಲ, ಇಂತಿಷ್ಟು ವರ್ಷಕ್ಕೆ ಎಂದು ನೋಂದಾಯಿಸಿ ಕೊಡುತ್ತಾರೆ. ಡಾಟ್ ಕಾಮ್ ಆಗಲಿ ಡಾಟ್ ಇನ್ ಆಗಲಿ, ಒಂದು ಸಲಕ್ಕೆ ಹೆಚ್ಚೆಂದರೆ 10 ವರ್ಷ. ‘ಜೀವನಪೂರ್ತಿ’ ಎಂಬ ಆಯ್ಕೆಯೇ ಅಲ್ಲಿಲ್ಲ. ಹಾಗಿದ್ದ ಮೇಲೆ ಫಾರ್ವರ್ಡ್‌ನವರು ಏನು ಕೊಡುತ್ತಿದ್ದಾರೆ? ಒಂದೋ ಪ್ರತಿ ವರ್ಷ ಅವರೇ ನಿಮ್ಮ ಪರವಾಗಿ ಹಣ ಕಟ್ಟುತ್ತಾರೆ (ಅವರು ವ್ಯಾಪಾರ ಮುಚ್ಚುವವರೆಗೆ), ಇಲ್ಲವೇ ತಮ್ಮದೇ ಹೆಸರಿನ ಬಾಲಕ್ಕೆ ನಿಮ್ಮ ಅಂಗಡಿ ಹೆಸರು ಸೇರಿಸಿ ಕೊಡುತ್ತಾರೆ.

ಹೀಗೆ ಇನ್ನೊಬ್ಬರ ಹೆಸರಿನಡಿ ಸಿಗುವ ವಿಳಾಸ ಎಷ್ಟು ದಿನ ಬಾಳುತ್ತದೆ ಎನ್ನುವುದಕ್ಕೆ ದೊಡ್ಡ ಉದಾಹರಣೆಯನ್ನು ಗೂಗಲ್ಲೇ ಕೊಟ್ಟಿದೆ. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ನೋಂದಾಯಿಸಿದವರಿಗೆ ಅದು ಉಚಿತವಾಗಿ ಒಂದು ಸರಳ ವೆಬ್‌ಸೈಟ್ ಮಾಡಿಕೊಡುತ್ತಿತ್ತು. ವಿಳಾಸದ ಕೊನೆಯಲ್ಲಿ ‘ಬಿಸಿನೆಸ್ ಡಾಟ್ ಸೈಟ್’ ಎಂದಿರುತ್ತಿತ್ತು. 2024ರ ಮಾರ್ಚ್‌ನಲ್ಲಿ ಆ ಸೈಟ್‌ಗಳನ್ನೆಲ್ಲ ನಿಲ್ಲಿಸಿತು. ಜೂನ್ 10ರವರೆಗೆ ಹಳೆಯ ವಿಳಾಸ ಒತ್ತಿದವರನ್ನು ಅಂಗಡಿಯ ಗೂಗಲ್ ಪ್ರೊಫೈಲ್‌ಗೆ ಕಳಿಸಿತು, ಆಮೇಲೆ ಅದೂ ಇಲ್ಲ. ವಿಸಿಟಿಂಗ್ ಕಾರ್ಡ್ ಮೇಲೆ, ಆಟೊ ಹಿಂದೆ, ಗೋಡೆ ಮೇಲೆ ಆ ವಿಳಾಸ ಬರೆಸಿದ್ದವರು ಏನು ಮಾಡಬೇಕು? ಗೂಗಲ್ ಮೋಸ ಮಾಡಿತು ಎಂದಲ್ಲ. ಹೆಸರು ಅವರದ್ದು, ಬೇಡವೆನಿಸಿತು, ತೆಗೆದರು.

ಅವಧಿ ಮುಗಿದ ಮೇಲೆ

ಚಿಕ್ಕಿಯ ವಿಷಯದಲ್ಲಿ ಆದದ್ದು ಇನ್ನೂ ಸರಳ. ಸೈಟ್ ಮಾಡಿಕೊಟ್ಟವರು ಡೊಮೇನನ್ನು ತಮ್ಮ ಖಾತೆಯಲ್ಲಿ, ತಮ್ಮ ಇಮೇಲ್ ಕೊಟ್ಟು ನೋಂದಾಯಿಸಿದ್ದರು. ದುಡ್ಡು ಚಿಕ್ಕಿಯದ್ದೇ. ಆದರೆ ದಾಖಲೆಯಲ್ಲಿ ಅವಳ ಹೆಸರು ಎಲ್ಲೂ ಇರಲಿಲ್ಲ. ಇದರಲ್ಲಿ ದುರುದ್ದೇಶ ಇತ್ತು ಎಂದು ನನಗೆ ಅನಿಸುವುದಿಲ್ಲ. “ಅಮ್ಮಾ, ನಿಮಗೆ ಇಮೇಲ್ ಎಲ್ಲ ಯಾಕೆ ತಲೆಬಿಸಿ, ನಾನೇ ನೋಡ್ಕೊಳ್ತೇನೆ” ಎಂದಿದ್ದರಂತೆ. ಆಮೇಲೆ ಅವರು ಕೆಲಸ ಬದಲಿಸಿ ಬೇರೆ ಊರಿಗೆ ಹೋದರು, ನಂಬರ್ ಬದಲಾಯಿತು.

ಡಾಟ್ ಕಾಮ್‌ನಂಥ ಹೆಸರುಗಳಿಗೆ ಐಕ್ಯಾನ್ ನಿಯಮವಿದೆ: ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು ಒಮ್ಮೆ, ಒಂದು ವಾರ ಮೊದಲು ಇನ್ನೊಮ್ಮೆ, ಮುಗಿದ 5 ದಿನದೊಳಗೆ ಮತ್ತೊಮ್ಮೆ ನೋಂದಣಿ ಕಂಪನಿ ನೆನಪಿಸಲೇಬೇಕು. ಬಹುಶಃ ನೆನಪಿಸಿಯೂ ಇತ್ತು. ಆ ಪತ್ರಗಳು ಹೋಗುವುದು ಖಾತೆಯಲ್ಲಿರುವ ಇಮೇಲ್‌ಗೆ.

ಅವಧಿ ಮುಗಿದ ತಕ್ಷಣ ಹೆಸರು ಕೈತಪ್ಪುವುದಿಲ್ಲ ಎನ್ನುವುದನ್ನೂ ಹೇಳಬೇಕು, ಏಕೆಂದರೆ ಇದನ್ನು ಓದುತ್ತಿರುವ ಯಾರಿಗಾದರೂ ಈಗಲೂ ಸಮಯ ಇರಬಹುದು. ಡಾಟ್ ಕಾಮ್ ಆದರೆ ಮೊದಲು ಗರಿಷ್ಠ 45 ದಿನ ನೋಂದಣಿ ಕಂಪನಿಯ ಕೈಯಲ್ಲಿರುತ್ತದೆ. ಎಷ್ಟು ದಿನ ಎನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, ಕೆಲವರು ಈ ಅವಧಿಯಲ್ಲೇ ಹರಾಜಿಗೂ ಇಡುತ್ತಾರೆ. ಯಾರೂ ನವೀಕರಿಸದೆ ಅದು ರದ್ದಾದರೆ ಮುಂದಿನ 30 ದಿನ ಹಳೆಯ ಮಾಲೀಕರು ಬಿಡಿಸಿಕೊಳ್ಳಬಹುದು, ಆದರೆ ದಂಡದಂತೆ ದೊಡ್ಡ ಮೊತ್ತ ಕೇಳುತ್ತಾರೆ. ಕೊನೆಯ 5 ದಿನ ಯಾರಿಗೂ ಏನೂ ಮಾಡಲು ಬರುವುದಿಲ್ಲ. ಆಮೇಲೆ ಜಗತ್ತಿನಲ್ಲಿ ಯಾರು ಬೇಕಾದರೂ ತೆಗೆದುಕೊಳ್ಳಬಹುದು.

ಉಪ್ಪಿನಕಾಯಿಯ ಹೆಸರು ಜೂಜಿನವರಿಗೆ ಯಾಕೆ ಬೇಕು ಎಂದು ಚಿಕ್ಕಿ ಇವತ್ತಿಗೂ ಕೇಳುತ್ತಾಳೆ. ಹಳೆಯ ಹೆಸರಿಗೆ ಬೇರೆ ಸೈಟ್‌ಗಳಿಂದ ಕೊಂಡಿಗಳಿರುತ್ತವೆ, ಹುಡುಕಾಟದಲ್ಲಿ ಒಂದಿಷ್ಟು ಮರ್ಯಾದೆ ಗಳಿಸಿರುತ್ತದೆ, ರೂಢಿಯಿಂದ ಬರುವ ಗಿರಾಕಿಗಳೂ ಇರುತ್ತಾರೆ. ಹೊಸಬರಿಗೆ ಬೇಕಿರುವುದು ಆ ಮರ್ಯಾದೆ. ಇದು ಎಷ್ಟು ಹೆಚ್ಚಾಗಿದೆಯೆಂದರೆ, 2024ರ ಮಾರ್ಚ್‌ನಲ್ಲಿ ಗೂಗಲ್ ಅವಧಿ ಮುಗಿದ ಡೊಮೇನ್‌ಗಳ ದುರ್ಬಳಕೆಯನ್ನೇ ಹೆಸರಿಸಿ ತನ್ನ ಸ್ಪ್ಯಾಮ್ ನಿಯಮಗಳಿಗೆ ಸೇರಿಸಿತು.

ನಿಮ್ಮ ಡೊಮೇನ್ ಯಾವ ಕಂಪನಿಯಲ್ಲಿದೆ, ಯಾವಾಗ ಮುಗಿಯುತ್ತದೆ ಎಂದು ಈಗಲೇ ನೋಡಬಹುದು. ಡಾಟ್ ಕಾಮ್ ಆದರೆ ಐಕ್ಯಾನ್‌ನ ಲುಕಪ್ ಪುಟದಲ್ಲಿ ಹೆಸರು ಹಾಕಿ, ಇದಕ್ಕೆ ದುಡ್ಡಿಲ್ಲ. ದಿನಾಂಕ ಕಾಣಿಸುತ್ತದೆ. ನಂತರ ಸೈಟ್ ಮಾಡಿಕೊಟ್ಟವರಿಗೆ ಒಂದೇ ಪ್ರಶ್ನೆ: “ಡೊಮೇನ್ ಖಾತೆ ಯಾರ ಇಮೇಲ್‌ನಲ್ಲಿದೆ?” ಅವರದ್ದಾದರೆ ನಿಮ್ಮ ಖಾತೆಗೆ ವರ್ಗಾಯಿಸಲು ಹೇಳಿ. ಸಂಬಂಧ ಚೆನ್ನಾಗಿರುವಾಗಲೇ ಕೇಳುವುದು ಒಳ್ಳೆಯದು. ಖಾತೆ ನಿಮ್ಮ ಕೈಗೆ ಬಂದ ಮೇಲೆ ಪಾಸ್‌ವರ್ಡ್ ಜೊತೆ ಒಟಿಪಿಯೂ ಕೇಳುವಂತೆ ಮಾಡಿ. ಆಟೊ ರಿನ್ಯೂವಲ್ ಹಾಕಿದ್ದೇನೆ ಎಂದು ನಿಶ್ಚಿಂತರಾಗಬೇಡಿ. ಕೊಟ್ಟ ಕಾರ್ಡಿನ ಅವಧಿ ಮುಗಿದಿದ್ದರೆ ಹಣ ಹೋಗುವುದಿಲ್ಲ.

ಇನ್ನೊಂದು ವಿಷಯ: ಹೊಸದಾಗಿ ಹೆಸರು ತೆಗೆದುಕೊಳ್ಳುವಾಗ ದೊಡ್ಡ ಅಕ್ಷರದಲ್ಲಿ ಕಾಣುವುದು ಮೊದಲ ವರ್ಷದ ದರ. ಎರಡನೇ ವರ್ಷದ್ದು ಅದರ ಹಲವು ಪಟ್ಟು ಇರಬಹುದು. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಅದನ್ನು ನೋಡಿ ಲೆಕ್ಕ ಹಾಕಿ. ಹಾಗೆಯೇ “ನಿಮ್ಮ ಡೊಮೇನ್ ಇವತ್ತೇ ಮುಗಿಯುತ್ತದೆ, ಈ ಲಿಂಕ್ ಒತ್ತಿ ಕಟ್ಟಿ” ಎಂಬ ಇಮೇಲ್‌ಗಳಲ್ಲಿ ನಕಲಿ ಬಹಳ. ಲಿಂಕ್ ಒತ್ತಬೇಡಿ, ನಿಮ್ಮ ನೋಂದಣಿ ಕಂಪನಿಯ ಸೈಟ್‌ಗೆ ನೀವೇ ಹೋಗಿ ನೋಡಿ. ದುಡ್ಡು ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ.

ಬೀಗ ಮತ್ತು ಮೊದಲ ಸ್ಥಾನ

ಬೀಗದ ಗುರುತು ಇದ್ದರೆ ಸೈಟ್ ನಂಬಬಹುದು ಎಂಬ ಮಾತು ಸುಳ್ಳು. ನಿಮ್ಮ ಫೋನ್ ಮತ್ತು ಆ ಸೈಟ್ ನಡುವೆ ಹೋಗುವ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಓದಲಾಗದು, ಇಷ್ಟು ಮಾತ್ರ ಅದರ ಅರ್ಥ. ಆ ತುದಿಯಲ್ಲಿ ಕೂತವರು ಕಳ್ಳರೋ ಸಾಚಾಗಳೋ ಅದಕ್ಕೆ ಗೊತ್ತಿಲ್ಲ. ಇದಕ್ಕೆ ಬೇಕಾದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರಿಂದ ಉಚಿತವಾಗಿ ಕೊಡುತ್ತಿದೆ, ವಂಚಕರೂ ಪಡೆಯುತ್ತಾರೆ. ಜನ ಬೀಗವನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಿದ್ದಾರೆ ಎಂದೇ ಕ್ರೋಮ್ ಬ್ರೌಸರ್ 2023ರ ಸೆಪ್ಟೆಂಬರ್‌ನಲ್ಲಿ ಆ ಗುರುತನ್ನು ತೆಗೆದು ಬೇರೆ ಚಿಹ್ನೆ ಹಾಕಿತು.

ಹಾಗೆಂದು ನಿಮ್ಮ ಸೈಟ್‌ಗೆ ಅದು ಬೇಡ ಎಂದಲ್ಲ, ಬೇಕೇ ಬೇಕು. ಇಲ್ಲದಿದ್ದರೆ ‘ಸುರಕ್ಷಿತವಲ್ಲ’ ಎಂದು ಬ್ರೌಸರ್ ಗಿರಾಕಿಯನ್ನು ಹೆದರಿಸುತ್ತದೆ. ಆದರೆ ಅದಕ್ಕೆಂದು ಸಾವಿರಾರು ರೂಪಾಯಿ ಬೇರೆ ಕೇಳಿದರೆ ಕೊಡುವ ಮೊದಲು ಯೋಚಿಸಿ, ಬಹಳಷ್ಟು ಹೋಸ್ಟಿಂಗ್ ಕಂಪನಿಗಳು ಅದನ್ನು ಸೇರಿಸಿಯೇ ಕೊಡುತ್ತವೆ.

ಗೂಗಲ್‌ನಲ್ಲಿ ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ಲೇ ತನ್ನ ಸಹಾಯ ಪುಟದಲ್ಲಿ ಬರೆದುಕೊಂಡಿದೆ. ಸಣ್ಣ ವ್ಯಾಪಾರಕ್ಕೆ ಅದಕ್ಕಿಂತ ಮುಖ್ಯವಾದದ್ದು ಮ್ಯಾಪ್‌ನಲ್ಲಿ ಸರಿಯಾದ ಜಾಗ, ಸಮಯ, ಫೋನ್ ನಂಬರ್ ಇರುವುದು. ಆ ನೋಂದಣಿ ಉಚಿತ. ಸೈಟ್ ನಿಂತರೂ ಅದು ಹಾಗೇ ಇದೆ.

ಮಾಡಿದ ಮೇಲೆ ಮಾಡಬೇಕಾದ್ದು

ವರ್ಡ್‌ಪ್ರೆಸ್‌ನಂಥ ಉಚಿತ ತಂತ್ರಾಂಶದಲ್ಲಿ ಸೈಟ್ ಮಾಡಿದ್ದರೆ ಅಪ್‌ಡೇಟ್‌ಗಳನ್ನು ಬಿಡಬೇಡಿ. ಬಾಗಿಲು ಹೆಚ್ಚಾಗಿ ಮುರಿಯುವುದು ಹಳೆಯ ಪ್ಲಗಿನ್‌ಗಳಲ್ಲಿ. ಇಡೀ ಸೈಟ್‌ನ ಪ್ರತಿಯೊಂದು ಹೋಸ್ಟಿಂಗ್ ಕಂಪನಿಯ ಹೊರಗೂ, ನಿಮ್ಮ ಪೆನ್‌ಡ್ರೈವ್‌ನಲ್ಲಾದರೂ ಇರಲಿ. ಫೋನಿನಲ್ಲಿ ತೆಗೆದ ಫೋಟೋ ಒಂದೊಂದೂ ಮೂರು ನಾಲ್ಕು ಎಂಬಿ ಇರುತ್ತದೆ. ಅದನ್ನು ಹಾಗೇ ಹಾಕಿದರೆ ಘಟ್ಟದ ಮೇಲಿನ ನೆಟ್‌ವರ್ಕ್‌ನಲ್ಲಿ ಪುಟ ತೆರೆಯುವುದೇ ಇಲ್ಲ, ಚಿಕ್ಕದು ಮಾಡಿ ಹಾಕಿ.

ಕನ್ನಡದ ಸೈಟ್‌ಗಳಲ್ಲಿ ನಾನು ಪದೇ ಪದೇ ನೋಡುವ ತಪ್ಪೊಂದಿದೆ. ಪ್ರೆಸ್‌ನಲ್ಲಿ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಕರಪತ್ರವನ್ನೇ ಚಿತ್ರ ಮಾಡಿ ಸೈಟ್‌ಗೆ ಅಂಟಿಸಿಬಿಡುತ್ತಾರೆ. ನೋಡಲು ಚೆಂದ, ಆದರೆ ‘ಅಪ್ಪೆಮಿಡಿ ಉಪ್ಪಿನಕಾಯಿ’ ಎಂದು ಹುಡುಕುವವರಿಗೆ ಆ ಅಕ್ಷರಗಳು ಸಿಗುವುದು ಕಷ್ಟ, ಫೋನ್ ನಂಬರ್ ಒತ್ತಿದರೆ ಕರೆಯೂ ಹೋಗುವುದಿಲ್ಲ. ನೀವು ವಾಟ್ಸ್ಆ್ಯಪ್‌ನಲ್ಲಿ ಕನ್ನಡ ಟೈಪ್ ಮಾಡುತ್ತೀರಲ್ಲ, ಅದು ಯೂನಿಕೋಡ್. ಸೈಟ್‌ನ ಬರಹವೂ ಅದರಲ್ಲೇ ಇರಲಿ.

ಇಷ್ಟೆಲ್ಲ ಕೇಳಿ ಚಿಕ್ಕಿ, “ಹಂಗಾರೆ ನಂಗೆ ವೆಬ್‌ಸೈಟ್ ಬೇಕಾ?” ಎಂದಳು. ನಿಜ ಹೇಳಬೇಕೆಂದರೆ, ವರ್ಷಕ್ಕೆ ಒಂದು ಹಂಗಾಮು ಮಾರುವ ಅವಳಿಗೆ ವಾಟ್ಸ್ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗ್ ಮತ್ತು ಮ್ಯಾಪ್‌ನ ನೋಂದಣಿ ಸದ್ಯಕ್ಕೆ ಸಾಕು. ಆದರೆ ಹೆಸರು ಮಾತ್ರ ಕೈಯಲ್ಲಿರಲಿ ಎಂದು ನಾವು ಹೊಸ ಡಾಟ್ ಇನ್ ಒಂದನ್ನು ಐದು ವರ್ಷಕ್ಕೆ ತೆಗೆದುಕೊಂಡೆವು. ಖಾತೆ ಅವಳ ಇಮೇಲ್‌ನಲ್ಲಿ, ಒಟಿಪಿ ಅವಳ ಫೋನ್‌ಗೆ. ಮುಗಿಯುವ ತಾರೀಕನ್ನು ಅಡುಗೆಮನೆಯ ಕ್ಯಾಲೆಂಡರ್ ಹಿಂದೆ ಗ್ಯಾಸ್ ಬುಕ್ ಮಾಡಿದ ತಾರೀಕುಗಳ ಪಕ್ಕ ಬರೆದಿದ್ದಾಳೆ.

ಹಳೆಯ ಲೇಬಲ್‌ಗಳ ಎರಡು ಬಂಡಲ್ ಇನ್ನೂ ಉಳಿದಿವೆ. ಸಂಜೆ ಕೂತು, ಆ ವಿಳಾಸದ ಮೇಲೆ ಹೊಸದನ್ನು ಬರೆದ ಬಿಳಿ ಚೀಟಿ ಅಂಟಿಸುತ್ತಿದ್ದಾಳೆ.