ದೊಡ್ಡ ಗಾಜು ಯಾಕೆ ಬೇಗ ಒಡೆಯುತ್ತೆ?

ಒಂದೇ ಗಾಜು, ಒಂದೇ ದಪ್ಪ.
ಒಂದು ಚಿಕ್ಕ ಶೀಟು, ಇನ್ನೊಂದು ದೊಡ್ಡದು.
ಎರಡರ ಮೈಯಲ್ಲೂ ಒಂದೇ ಮಟ್ಟದ ಎಳೆತ.
ಮೊದಲು ಒಡೆಯೋದು ಯಾವುದು?

ಸಾಮಾನ್ಯವಾಗಿ, ದೊಡ್ಡದೇ!

ಯಾಕೆ ಗೊತ್ತಾ?
ಗಾಜಿನ ಮೈಮೇಲೆ ಕಣ್ಣಿಗೆ ಕಾಣದ ಬಿರುಕುಗಳಿರ್ತವೆ.
ಶೀಟು ದೊಡ್ಡದಾದಷ್ಟೂ,
ಅವುಗಳಲ್ಲೊಂದು ಆಳವಾಗಿರೋ ಸಾಧ್ಯತೆ ಜಾಸ್ತಿ.
ಒಡೆಯೋಕೆ ಅದೊಂದೇ ಸಾಕು.

ಬಿರುಕಿನಿಂದ ಗಾಜು ಒಡೆಯೋ ಲೆಕ್ಕ ಕೊಟ್ಟವರು ಇಂಗ್ಲೆಂಡಿನ ಎಂಜಿನಿಯರ್ ಗ್ರಿಫಿತ್, 1921ರಲ್ಲಿ.
ಗಾಜಿನ ಎಳೆ ತೆಳುವಾದಷ್ಟೂ,
ಗಾತ್ರಕ್ಕೆ ಹೋಲಿಸಿದ್ರೆ ಅದರ ಬಲ ಹೆಚ್ಚು ಅಂತ ತೋರಿಸಿದ್ರು.

ಈಗ ಅಂಚಿಗೆ ಬನ್ನಿ.
ಬಟ್ಟೆ ಅಂಗಡಿಯಲ್ಲಿ ಕತ್ತರಿಯಿಂದ ಅಂಚಿಗೆ ಒಂದು ಕಚ್ಚು ಹಾಕಿ,
ಪರ್ರನೆ ಹರೀತಾರಲ್ಲ?
ಗಾಜಿಗೂ ಅಷ್ಟೇ.
ಕತ್ತರಿಸಿದ ಅಂಚಿನ ತುಂಬ ಅಂಥ ಸಣ್ಣ ಕಚ್ಚುಗಳು.

ಅದಕ್ಕೇ ಅಂಚನ್ನ ಉಜ್ಜಿ, ಪಾಲಿಶ್ ಮಾಡ್ತಾರೆ.
ಆದರೆ ಒರಟಾಗಿ ಉಜ್ಜಿದ್ರೆ,
ಹೊಸ ಗೀರುಗಳೇ ಬೀಳಬಹುದು!

ಕುಲುಮೆಯಲ್ಲಿ ಕಾಯಿಸಿ ಗಟ್ಟಿಮಾಡೋ ಟಫನ್ಡ್ ಗಾಜಾದ್ರೆ,
ಕತ್ತರಿಸೋದು, ತೂತು ಕೊರೆಯೋದು, ಅಂಚು ಉಜ್ಜೋದು,
ಎಲ್ಲ ಕುಲುಮೆಗೆ ಹೋಗೋ ಮೊದಲೇ ಮುಗೀಬೇಕು.
ಆಮೇಲೆ ಕತ್ತರಿಸೋಕೆ ಹೋದ್ರೆ, ಪೂರ್ತಿ ಪುಡಿಪುಡಿ.

ಮೆಟ್ಟಿಲಿಗೆ ಗಾಜಿನ ರೇಲಿಂಗ್ ಹಾಕಿಸ್ತಿದ್ದೀರಾ?
ದಪ್ಪ ಎಷ್ಟು ಅಂತ ಮಾತ್ರ ಕೇಳಬೇಡಿ.
ಅಂಚಿನ ಫಿನಿಶಿಂಗ್ ಹೇಗೆ ಅಂತಲೂ ಕೇಳಿ!