ಕರ್ನಾಟಕದ ಕ್ಲಬ್ ಫುಟ್ಬಾಲ್: ಏಳು ತಪ್ಪು ಕಲ್ಪನೆ, ಏಳು ಸತ್ಯ

ನಾರಾವಿಯಿಂದ ಬೆಳ್ತಂಗಡಿಗೆ ಹೋಗಿ, ಮೂಡುಬಿದಿರೆಗೆ ಹೋಗಿ, ದಾರಿಯಲ್ಲಿ ಸಿಗುವ ಶಾಲಾ ಅಂಗಳಗಳಲ್ಲಿ ಹೆಚ್ಚಾಗಿ ಕಾಣುವುದು ವಾಲಿಬಾಲ್ ನೆಟ್, ಕಬಡ್ಡಿ ಅಂಕಣ, ಕ್ರಿಕೆಟ್ ಪಿಚ್. ಆದರೆ ಮೊಬೈಲ್‌ನಲ್ಲಿ ಯುರೋಪಿನ ಫುಟ್ಬಾಲ್ ನೋಡುವ ಹುಡುಗರು ಈ ಭಾಗದಲ್ಲೂ ಇದ್ದಾರೆ. ಮ್ಯಾಂಚೆಸ್ಟರ್, ಮ್ಯಾಡ್ರಿಡ್, ಬಾರ್ಸಿಲೋನಾ ಅವರಿಗೆ ಬಾಯಿಪಾಠ. ನಮ್ಮದೇ ರಾಜ್ಯದ ಕ್ಲಬ್ ಒಂದು ಏಷ್ಯಾ ಮಟ್ಟದ ಟೂರ್ನಿಯ ಫೈನಲ್ ಆಡಿದೆ ಎಂಬುದು ಮಾತ್ರ ಹಲವರಿಗೆ ಹೊಸ ಸುದ್ದಿ. ಈ ಅರಿವಿನ ಕೊರತೆಯಿಂದಲೇ ಕೆಲವು ತಪ್ಪು ಕಲ್ಪನೆಗಳು ಬೆಳೆದಿವೆ. ಅವನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಕರ್ನಾಟಕದಲ್ಲಿ ಫುಟ್ಬಾಲ್ ಶುರುವಾದದ್ದೇ ಬೆಂಗಳೂರು ಎಫ್‌ಸಿಯಿಂದ.

ಸತ್ಯ: ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಅದಕ್ಕೂ ಮುಕ್ಕಾಲು ಶತಮಾನ ಮೊದಲೇ, 1937ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತ್ತು. ಬ್ರಿಟಿಷ್ ಸೇನಾ ತಂಡಗಳೇ ಆಳುತ್ತಿದ್ದ ಆ ಕಪ್ಪನ್ನು ಎತ್ತಿದ ಮೊದಲ ಭಾರತೀಯ ತಂಡ ಅದು. ಮರುವರ್ಷವೂ ಕಪ್ ಬೆಂಗಳೂರಿಗೇ ಬಂತು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1–2ರಿಂದ ಸೋತಿತು. ಅಂದು ಭಾರತದ ಪರ ಒಲಿಂಪಿಕ್ಸ್‌ನ ಮೊದಲ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕೋಲ್ಕತ್ತದ ಈಸ್ಟ್ ಬೆಂಗಾಲ್‌ನ ‘ಪಂಚ ಪಾಂಡವ’ರಲ್ಲಿ ಒಬ್ಬರಾಗಿ ಹೆಸರಾದರು. ರಾಜ್ಯದ ಇನ್ನೊಬ್ಬ ಆಟಗಾರ ಕೆಂಪಯ್ಯ 1956 ಮತ್ತು 1960ರ ಒಲಿಂಪಿಕ್ಸ್‌ಗಳಲ್ಲಿ ಆಡಿದರು. ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1946–47, 1952–53, 1967–68 ಮತ್ತು 1968–69ರಲ್ಲಿ ಗೆದ್ದಿದೆ. ಅಲ್ಲಿಂದ 54 ವರ್ಷ ಕಾದು, 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಮಣಿಸಿ ಐದನೇ ಬಾರಿ ಟ್ರೋಫಿ ಪಡೆಯಿತು. ಬೆಂಗಳೂರು ಎಫ್‌ಸಿ ಬೇರು ಬಿಟ್ಟಿದ್ದು ಇಂಥ ಹದವಾದ ಮಣ್ಣಿನಲ್ಲಿ.

ತಪ್ಪು ಕಲ್ಪನೆ 2: ಅದು ಐಎಸ್‌ಎಲ್‌ಗಾಗಿ ಕಟ್ಟಿದ ತಂಡ.

ಸತ್ಯ: ಇಂಡಿಯನ್ ಸೂಪರ್ ಲೀಗ್ ಆರಂಭವಾದದ್ದು 2014ರ ಅಕ್ಟೋಬರ್‌ನಲ್ಲಿ. ಅಷ್ಟರೊಳಗೆ ಬೆಂಗಳೂರು ಎಫ್‌ಸಿ ತನ್ನ ಚೊಚ್ಚಲ ವರ್ಷದಲ್ಲೇ, ಆ್ಯಶ್ಲೆ ವೆಸ್ಟ್‌ವುಡ್ ತರಬೇತಿಯಲ್ಲಿ, ದೇಶದ ಅಂದಿನ ಪ್ರಮುಖ ಲೀಗ್ ಆದ ಐ–ಲೀಗ್ ಅನ್ನು 2013–14ರಲ್ಲಿ ಗೆದ್ದಾಗಿತ್ತು. ಮರುವರ್ಷ ಫೆಡರೇಷನ್ ಕಪ್, 2015–16ರಲ್ಲಿ ಮತ್ತೆ ಐ–ಲೀಗ್. ಐಎಸ್‌ಎಲ್‌ಗೆ ಅದು ಸೇರಿದ್ದು 2017ರಲ್ಲಿ. ನಾಲ್ಕು ವರ್ಷ ಐ–ಲೀಗ್‌ನಲ್ಲಿ ಪಳಗಿದ್ದರಿಂದಲೇ ಐಎಸ್‌ಎಲ್‌ನ ಮೊದಲ ಸೀಸನ್‌ನಲ್ಲೇ ಅದು ಅಗ್ರಸ್ಥಾನಕ್ಕೇರಿತು.

ತಪ್ಪು ಕಲ್ಪನೆ 3: ಪಾಯಿಂಟ್ಸ್ ಪಟ್ಟಿಯ ತುದಿಯಲ್ಲಿದ್ದವರೇ ಚಾಂಪಿಯನ್.

ಸತ್ಯ: ಇಂಗ್ಲೆಂಡ್, ಸ್ಪೇನ್‌ಗಳಲ್ಲಿ ಈ ಮಾತು ನಿಜ. ಎಲ್ಲ ಲೀಗ್‌ಗಳಿಗೂ ಅನ್ವಯಿಸುವುದಿಲ್ಲ. 2017–18ರ ಐಎಸ್‌ಎಲ್‌ನಲ್ಲಿ ಬೆಂಗಳೂರು 18 ಪಂದ್ಯಗಳಿಂದ 40 ಪಾಯಿಂಟ್ಸ್ ಗಳಿಸಿತು. ಎರಡನೇ ಸ್ಥಾನದ ಚೆನ್ನೈಯಿನ್‌ಗೆ 32. ಆದರೂ 2018ರ ಮಾರ್ಚ್ 17ರಂದು ಕಂಠೀರವ ಕ್ರೀಡಾಂಗಣದಲ್ಲಿ, ತವರಿನ ಅಭಿಮಾನಿಗಳ ಮುಂದೆ, ಫೈನಲ್‌ನಲ್ಲಿ ಚೆನ್ನೈಯಿನ್ 3–2ರಿಂದ ಗೆದ್ದಿತು. ಚಾಂಪಿಯನ್ ಪಟ್ಟ ಅದರದಾಯಿತು. ತಿಂಗಳುಗಟ್ಟಲೆ ಮುಂದಿದ್ದ ತಂಡಕ್ಕೆ ಆ ಲೀಗ್‌ನಿಂದ ಕೈಯಲ್ಲಿ ಹಿಡಿಯುವ ಟ್ರೋಫಿ ಏನೂ ಉಳಿಯಲಿಲ್ಲ. 2019–20ರಿಂದ ಪಟ್ಟಿಯ ಅಗ್ರಸ್ಥಾನಿಗೆ ‘ಲೀಗ್ ವಿನ್ನರ್ಸ್ ಶೀಲ್ಡ್’ ಕೊಡಲು ಶುರುಮಾಡಲಾಯಿತು. ಮೊದಲ ಶೀಲ್ಡ್ ಗೆದ್ದ ಎಫ್‌ಸಿ ಗೋವಾ ಅದರ ಬಲದಿಂದಲೇ 2021ರಲ್ಲಿ ಏಷ್ಯನ್ ಚಾಂಪಿಯನ್ಸ್ ಲೀಗ್‌ನ ಗುಂಪು ಹಂತ ಆಡಿತು.

ಜೆಕ್ ಗಣರಾಜ್ಯದ ಲೀಗ್‌ನದು ಮತ್ತೊಂದು ಬಗೆ. ಅಲ್ಲಿ 16 ಕ್ಲಬ್‌ಗಳು 30 ಸುತ್ತು ಆಡುತ್ತವೆ. ಆಮೇಲೆ ಪಟ್ಟಿ ಒಡೆಯುತ್ತದೆ: ಮೊದಲ ಆರು ತಂಡಗಳು ತಾವು ಗಳಿಸಿದ ಪಾಯಿಂಟ್ಸ್ ಉಳಿಸಿಕೊಂಡು ತಮ್ಮತಮ್ಮಲ್ಲೇ ಇನ್ನೊಂದು ಸುತ್ತು ಸೆಣಸುತ್ತವೆ, ಕೊನೆಯ ಆರು ತಂಡಗಳು ಕೆಳ ದರ್ಜೆಗೆ ಜಾರದಿರಲು ಹೋರಾಡುತ್ತವೆ. ಒಂದು ಕ್ಲಬ್‌ನ ಸೀಸನ್ ಹಿಂಬಾಲಿಸುವ ಮುನ್ನ ಆ ಲೀಗ್‌ನ ನಿಯಮ ತಿಳಿಯುವುದು ಮೊದಲ ಕೆಲಸ.

ತಪ್ಪು ಕಲ್ಪನೆ 4: ಲೀಗ್ ನೋಡಿದರೆ ಸೀಸನ್ ಪೂರ್ತಿ ನೋಡಿದಂತೆ. ಉಳಿದ ಕಪ್‌ಗಳು ಬರೀ ಶಾಸ್ತ್ರಕ್ಕೆ.

ಸತ್ಯ: ನಮ್ಮ ಕಡೆಯ ಕಂಬಳದಲ್ಲಿ ಮೂಡುಬಿದಿರೆಯ ಕೋಟಿ–ಚೆನ್ನಯ ಜೋಡುಕರೆಯ ಫಲಿತಾಂಶ ಅಲ್ಲಿಗೇ ಮುಗಿಯುತ್ತದೆ. ಮಿಯಾರಿನ ಲವ–ಕುಶದಲ್ಲಿ ಅದೇ ಜೋಡಿ ಕೋಣಗಳು ಹೊಸದಾಗಿ ಓಡಬೇಕು. ಕ್ಲಬ್ ಫುಟ್ಬಾಲ್ ಹಾಗಲ್ಲ. ಅಲ್ಲಿ ಒಂದು ಟೂರ್ನಿಯ ಫಲ ಇನ್ನೊಂದರ ಬಾಗಿಲು ತೆರೆಯುತ್ತದೆ. 2016–17ರಲ್ಲಿ ಬೆಂಗಳೂರು ಐ–ಲೀಗ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಕುಸಿದಿತ್ತು. ಸೀಸನ್ ಕೈಜಾರಿತು ಎನ್ನುವಾಗ, ಮೇ 21ರಂದು ಕಟಕ್‌ನಲ್ಲಿ ನಡೆದ ಫೆಡರೇಷನ್ ಕಪ್ ಫೈನಲ್‌ನ ಹೆಚ್ಚುವರಿ ಅವಧಿಯಲ್ಲಿ ಸಿ.ಕೆ. ವಿನೀತ್ ಹೊಡೆದ ಎರಡು ಗೋಲುಗಳು ಮೋಹನ್ ಬಾಗಾನ್ ತಂಡವನ್ನು ಸೋಲಿಸಿದವು. ಆ ಗೆಲುವೇ ಬೆಂಗಳೂರಿಗೆ ಏಷ್ಯಾದ ಕ್ಲಬ್ ಟೂರ್ನಿಯಾದ ಎಎಫ್‌ಸಿ ಕಪ್‌ನ 2018ರ ಪ್ರವೇಶ ದೊರಕಿಸಿತು. ಕಪ್ ಪಂದ್ಯವನ್ನು ಹಗುರವಾಗಿ ಕಂಡಿದ್ದರೆ ಮುಂದಿನ ವರ್ಷ ಏಷ್ಯಾದ ಪಂದ್ಯಗಳೇ ಇರುತ್ತಿರಲಿಲ್ಲ.

ತಪ್ಪು ಕಲ್ಪನೆ 5: ಏಷ್ಯಾ ಮಟ್ಟದಲ್ಲಿ ಭಾರತದ ಕ್ಲಬ್‌ಗಳು ಲೆಕ್ಕಕ್ಕಿಲ್ಲ.

ಸತ್ಯ: 2016ರ ವರ್ಷವನ್ನು ಪೂರ್ತಿಯಾಗಿ ನೋಡಿದರೆ ಈ ಮಾತು ನಿಲ್ಲುವುದಿಲ್ಲ. ವರ್ಷದ ಮೊದಲ ತಿಂಗಳುಗಳಲ್ಲಿ ಬೆಂಗಳೂರು ಒಂದು ಕಡೆ ಐ–ಲೀಗ್, ಇನ್ನೊಂದು ಕಡೆ ಎಎಫ್‌ಸಿ ಕಪ್‌ನ ಗುಂಪು ಪಂದ್ಯಗಳನ್ನು ಆಡುತ್ತಿತ್ತು. ಒಂದು ವಾರ ದೇಶದೊಳಗೆ, ಮತ್ತೊಂದು ವಾರ ಮಲೇಷ್ಯಾ, ಮ್ಯಾನ್ಮಾರ್ ಅಥವಾ ಲಾವೋಸ್‌ನ ತಂಡದ ಎದುರು. ಏಪ್ರಿಲ್‌ನಲ್ಲಿ ಐ–ಲೀಗ್ ಕೈಸೇರಿತು. ಮೇ ತಿಂಗಳಲ್ಲಿ ಹಾಂಗ್‌ಕಾಂಗ್‌ಗೆ ಹೋಗಿ ಕಿಚಿ ತಂಡವನ್ನು 3–2ರಿಂದ ಸೋಲಿಸಿತು. ಆಮೇಲೆ ಕೋಚ್ ಬದಲಾದರು. ವೆಸ್ಟ್‌ವುಡ್ ಜಾಗಕ್ಕೆ ಸ್ಪೇನ್‌ನ ಆಲ್ಬರ್ಟ್ ರೋಕಾ ಬಂದರು. ಕ್ವಾರ್ಟರ್‌ಫೈನಲ್‌ನಲ್ಲಿ ಸಿಂಗಪುರದ ಟ್ಯಾಂಪಿನೀಸ್ ರೋವರ್ಸ್ ಎದುರು ಎರಡೂ ಪಂದ್ಯ ಸೇರಿ 1–0 ಗೆಲುವು.

ಸೆಮಿಫೈನಲ್ ಎದುರಾಳಿ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಕ್ಜಿಮ್. ಅಲ್ಲಿ 1–1 ಸಮಬಲ. ಅಕ್ಟೋಬರ್ 19ರಂದು ಕಂಠೀರವದಲ್ಲಿ ಜೊಹೊರ್ ಮೊದಲು ಗೋಲು ಹೊಡೆದು ಮುನ್ನಡೆಯಿತು. ಸುನಿಲ್ ಚೆಟ್ರಿ ಎರಡು ಗೋಲು, ಹುವಾನನ್ ಒಂದು ಗೋಲು ಗಳಿಸಿ ಪಂದ್ಯವನ್ನು 3–1ಕ್ಕೆ ತಿರುಗಿಸಿದರು. ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎಂಬ ಗೌರವ ಅಂದು ಕರ್ನಾಟಕದ ಪಾಲಾಯಿತು.

ನವೆಂಬರ್ 5ರಂದು ದೋಹಾದಲ್ಲಿ ಇರಾಕ್‌ನ ಅಲ್ ಕುವಾ ಅಲ್ ಜವಿಯಾ ಎದುರು ಫೈನಲ್. ಕಾರ್ಡ್‌ಗಳಿಂದಾಗಿ ಅಮಾನತಾದ ಗೋಲ್‌ಕೀಪರ್ ಅಮರಿಂದರ್ ಸಿಂಗ್ ಆಡುವಂತಿರಲಿಲ್ಲ. ಲಾಲ್‌ತುವಾಮಾವಿಯಾ ರಾಲ್ಟೆ ಗೋಲು ಕಾದರು. 70ನೇ ನಿಮಿಷದಲ್ಲಿ ಹಮ್ಮಾದಿ ಅಹ್ಮದ್ ಹೊಡೆದ ಒಂದೇ ಗೋಲಿನಿಂದ ಬೆಂಗಳೂರು ಸೋತಿತು. ಅಂದು ಗೆದ್ದ ಇರಾಕಿ ತಂಡ ಮುಂದಿನ ಎರಡು ವರ್ಷವೂ ಅದೇ ಕಪ್ ಗೆದ್ದಿತು ಎಂಬುದನ್ನು ನೆನಪಿಟ್ಟುಕೊಂಡರೆ, ಆ 0–1ರ ತೂಕ ಅರ್ಥವಾಗುತ್ತದೆ. ಆ ಹೊತ್ತಿಗೆ ದೇಶದಲ್ಲಿ ಐಎಸ್‌ಎಲ್ ನಡೆಯುತ್ತಿತ್ತು; ಬೆಂಗಳೂರು ಇನ್ನೂ ಅದನ್ನು ಸೇರಿರಲಿಲ್ಲ. ಫೈನಲ್ ಮುಗಿದ ಮೇಲೆಯೇ ಚೆಟ್ರಿ ಮುಂಬೈ ಸಿಟಿಗೂ, ವಿನೀತ್ ಕೇರಳ ಬ್ಲಾಸ್ಟರ್ಸ್‌ಗೂ ಆಡಲು ಹೋದರು.

ಇದಕ್ಕೆ ವಿರುದ್ಧವಾದ ಉತ್ಪ್ರೇಕ್ಷೆಯೂ ಬೇಡ. ಎಎಫ್‌ಸಿ ಕಪ್ ಏಷ್ಯಾದ ಎರಡನೇ ಸ್ತರದ ಟೂರ್ನಿಯಾಗಿತ್ತು. ಅದರ ಮೇಲೆ ಚಾಂಪಿಯನ್ಸ್ ಲೀಗ್ ಇತ್ತು. 2024–25ರಿಂದ ಏಷ್ಯಾದಲ್ಲಿ ಚಾಂಪಿಯನ್ಸ್ ಲೀಗ್ ಎಲೀಟ್, ಚಾಂಪಿಯನ್ಸ್ ಲೀಗ್ ಟೂ, ಚಾಲೆಂಜ್ ಲೀಗ್ ಎಂಬ ಮೂರು ಸ್ತರಗಳಿವೆ. ಯಾವ ಸ್ತರ ಎಂದು ತಿಳಿದು ಹೆಮ್ಮೆಪಟ್ಟರೆ ಆ ಹೆಮ್ಮೆ ಗಟ್ಟಿಯಾಗಿ ನಿಲ್ಲುತ್ತದೆ.

ತಪ್ಪು ಕಲ್ಪನೆ 6: ಎದುರಾಳಿಯ ಅಂಗಳದಲ್ಲಿ ಹೊಡೆದ ಗೋಲು ಎರಡು ಗೋಲಿಗೆ ಸಮ.

ಸತ್ಯ: ಎಂದೂ ಹಾಗೆ ಇರಲಿಲ್ಲ. ಎರಡು ಪಂದ್ಯಗಳ ಒಟ್ಟು ಗೋಲು ಸಮವಾದಾಗ ಮಾತ್ರ, ಹೊರಗಿನ ಅಂಗಳದಲ್ಲಿ ಹೆಚ್ಚು ಗೋಲು ಹೊಡೆದ ತಂಡ ಮುಂದೆ ಹೋಗುತ್ತಿತ್ತು. 2016ರ ಸೆಮಿಫೈನಲ್ ಇದೇ ನಿಯಮದಲ್ಲಿ ನಡೆಯಿತು. ಜೊಹೊರ್‌ನಲ್ಲಿ 1–1 ಆಗಿದ್ದರಿಂದ ಬೆಂಗಳೂರಿನಲ್ಲಿ ಗೋಲಿಲ್ಲದ ಸಮಬಲವೂ ನಮ್ಮ ತಂಡಕ್ಕೆ ಸಾಕಿತ್ತು. ಜೊಹೊರ್ ಮೊದಲ ಗೋಲು ಹೊಡೆದ ಕ್ಷಣ ಆ ಅನುಕೂಲ ಕರಗಿತು. ಯುರೋಪ್ ಈ ನಿಯಮವನ್ನು 2021ರಲ್ಲಿ ಕೈಬಿಟ್ಟಿತು, ಬಳಿಕ ಏಷ್ಯಾ ಕೂಡ. ಈಗ ಒಟ್ಟು ಗೋಲು ಸಮವಾದರೆ ಹೆಚ್ಚುವರಿ ಅವಧಿ, ಆಮೇಲೂ ಸಮವಾದರೆ ಪೆನಾಲ್ಟಿ ಶೂಟೌಟ್.

ತಪ್ಪು ಕಲ್ಪನೆ 7: ಸಣ್ಣ ಲೀಗ್‌ನ ಕ್ಲಬ್ ಎಷ್ಟು ಆಡಿದರೂ ದೊಡ್ಡವರ ಎದುರು ವ್ಯರ್ಥ.

ಸತ್ಯ: ಜೆಕ್ ಗಣರಾಜ್ಯದ ಜನಸಂಖ್ಯೆ ಸುಮಾರು ಒಂದು ಕೋಟಿ. 2011ರ ಜನಗಣತಿಯಂತೆ ಕರ್ನಾಟಕದ್ದು 6.11 ಕೋಟಿ. ಅಷ್ಟು ಪುಟ್ಟ ದೇಶದ ಸ್ಲಾವಿಯಾ ಪ್ರಾಗ್ 2019ರ ನವೆಂಬರ್‌ನಲ್ಲಿ ಬಾರ್ಸಿಲೋನಾದ ಕ್ಯಾಂಪ್ ನೌ ಅಂಗಳದಲ್ಲಿ ಗೋಲು ಬಿಟ್ಟುಕೊಡದೆ 0–0 ಮಾಡಿಕೊಂಡು ಬಂತು. 2020–21ರ ಯುರೋಪಾ ಲೀಗ್‌ನಲ್ಲಿ ಲೆಸ್ಟರ್ ಸಿಟಿ, ರೇಂಜರ್ಸ್ ತಂಡಗಳನ್ನು ಮನೆಗೆ ಕಳುಹಿಸಿ ಕ್ವಾರ್ಟರ್‌ಫೈನಲ್ ಸೇರಿತು. ಅದೇ ನಗರದ ಬದ್ಧ ಎದುರಾಳಿ ಸ್ಪಾರ್ಟಾ ಪ್ರಾಗ್ 2024ರಲ್ಲಿ ಶಾಮ್ರಾಕ್ ರೋವರ್ಸ್, ಎಫ್‌ಸಿಎಸ್‌ಬಿ, ಮಾಲ್ಮೊ ಹೀಗೆ ಮೂರು ಅರ್ಹತಾ ಸುತ್ತು ದಾಟಿ ಚಾಂಪಿಯನ್ಸ್ ಲೀಗ್‌ನ ಮುಖ್ಯ ಹಂತ ಸೇರಿತು. ದೇಶದ ಚಾಂಪಿಯನ್ ಆದರೂ ಅದಕ್ಕೆ ನೇರ ಪ್ರವೇಶ ಇರಲಿಲ್ಲ. ಬೇಸಿಗೆಯಲ್ಲೇ ಅರ್ಹತಾ ಪಂದ್ಯಗಳ ಮೆಟ್ಟಿಲು ಹತ್ತಬೇಕಾಯಿತು.

ಎಲ್ಲವೂ ಸಿಹಿಯಲ್ಲ. 2022–23ರ ಚಾಂಪಿಯನ್ಸ್ ಲೀಗ್‌ನಲ್ಲಿ ಬಯರ್ನ್, ಬಾರ್ಸಿಲೋನಾ, ಇಂಟರ್ ಜೊತೆ ಒಂದೇ ಗುಂಪಿನಲ್ಲಿದ್ದ ಇನ್ನೊಂದು ಜೆಕ್ ಕ್ಲಬ್ ವಿಕ್ಟೋರಿಯಾ ಪ್ಲ್‌ಜೆನ್ ಆರಕ್ಕೆ ಆರೂ ಪಂದ್ಯ ಸೋತಿತು. ಆದರೂ ಈ ಕ್ಲಬ್‌ಗಳು ಮತ್ತೆ ಮತ್ತೆ ಯುರೋಪಿಗೆ ಮರಳುತ್ತವೆ. ತಾವು ಬೆಳೆಸಿದ ಆಟಗಾರರನ್ನು ದೊಡ್ಡ ಲೀಗ್‌ಗಳಿಗೆ ಮಾರುವುದು, ಯುರೋಪಿನ ಟೂರ್ನಿಗಳಿಂದ ಬಂದ ಹಣವನ್ನು ತಂಡ ಕಟ್ಟಲು ತೊಡಗಿಸುವುದು ಅವರ ದಾರಿ. ಸ್ಲಾವಿಯಾದಲ್ಲಿ ಮಿಂಚಿದ ತೋಮಾಶ್ ಸೋಚೆಕ್ 2020ರಲ್ಲಿ ಇಂಗ್ಲೆಂಡ್‌ನ ವೆಸ್ಟ್ ಹ್ಯಾಮ್ ಸೇರಿದ್ದು ಇದಕ್ಕೆ ಒಳ್ಳೆಯ ಉದಾಹರಣೆ. ಸಣ್ಣ ಲೀಗ್ ಎಂಬುದು ಹಣೆಬರಹವಲ್ಲ. ಊರಿನ ಜನ ತಮ್ಮ ತಂಡವನ್ನು ಸೋಲಿನಲ್ಲೂ ಬಿಡದೆ ನೋಡುವುದು ಆ ಕ್ಲಬ್‌ಗಳ ಬೆನ್ನೆಲುಬು.

ಕರ್ನಾಟಕಕ್ಕೆ ಬೇಕಾದುದೂ ಅದೇ. ಯುರೋಪಿನ ತಂಡಗಳನ್ನು ಮೆಚ್ಚುವುದು ತಪ್ಪಲ್ಲ. ಆಟ ಕಲಿಯಲು ಅದೂ ಬೇಕು. ಆದರೆ ನಾರಾವಿಯಲ್ಲಿರಲಿ, ಬಂಟ್ವಾಳದಲ್ಲಿರಲಿ, ಫುಟ್ಬಾಲ್ ಮೆಚ್ಚುವ ಪ್ರತಿಯೊಬ್ಬರೂ ಒಂದು ಸೀಸನ್ ಮಟ್ಟಿಗಾದರೂ ನಮ್ಮ ರಾಜ್ಯದ ತಂಡವನ್ನು ಮೊದಲ ಪಂದ್ಯದಿಂದ ಕೊನೆಯವರೆಗೆ ಹಿಂಬಾಲಿಸಲಿ. ಲೀಗ್, ಕಪ್, ಸಂತೋಷ್ ಟ್ರೋಫಿ, ಅವಕಾಶ ಸಿಕ್ಕಾಗ ಏಷ್ಯಾ, ಎಲ್ಲವನ್ನೂ ನೋಡಲಿ. ಶಾಲೆಯ ದೈಹಿಕ ಶಿಕ್ಷಕರು ರಾಮನ್, ಅಹ್ಮದ್ ಖಾನ್, ಕೆಂಪಯ್ಯ ಅವರ ಹೆಸರನ್ನು ಮಕ್ಕಳಿಗೆ ಹೇಳಲಿ. ವಾಲಿಬಾಲ್ ನೆಟ್ಟಿನ ಪಕ್ಕದಲ್ಲಿ ಎರಡು ಗೋಲ್‌ಪೋಸ್ಟ್ ನೆಡಲು ದೊಡ್ಡ ಖರ್ಚಿಲ್ಲ. ಊರಿನ ಯುವಕ ಮಂಡಲಗಳು ಮನಸ್ಸು ಮಾಡಿದರೆ ಸಾಕು.